ಪುಟ್ಟ ಕಂಪ್ಯೂಟರಿಗೊಂದು ಕಟ್ಟೆ

ಪುಟ್ಟ ಕಂಪ್ಯೂಟರೊಂದನ್ನು ಹೊಸದಾಗಿ ಮನೆಗೆ ತಂದವರು ಮೊದಲ ದಿನ ಅದರ ಮುಖವನ್ನು ನೋಡಿ ಸಂತೋಷಪಡುತ್ತಾರೆ. ಎರಡನೆಯ ದಿನ ಅದರ ಬೆನ್ನನ್ನು ತಿರುಗಿಸಿ ನೋಡಿ ಯೋಚನೆಗೆ ಬೀಳುತ್ತಾರೆ. ಪ್ರಿಂಟರಿನ ಕೇಬಲನ್ನು ಎಲ್ಲಿ ಸಿಕ್ಕಿಸಬೇಕು? ಕೀಬೋರ್ಡಿಗೆ ಜಾಗವೆಲ್ಲಿ? ಮದುವೆಯ ಫೋಟೋಗಳಿರುವ ಪೆನ್ ಡ್ರೈವು ಯಾವ ಬಾಯಿಗೂ ಹಿಡಿಸುವುದಿಲ್ಲವಲ್ಲ? ಅಂಗಡಿಯವರನ್ನು ಕೇಳಿದರೆ, "ಅದಕ್ಕೇನು, ಒಂದು ಡಾಕ್ ತೆಗೆದುಕೊಂಡು ಹೋಗಿ" ಎನ್ನುತ್ತಾರೆ. ಕೆಲವು ನೂರು ರೂಪಾಯಿಗಳದೂ ಉಂಟು, ಹಲವು ಸಾವಿರ ರೂಪಾಯಿಗಳದೂ ಉಂಟು. ನೋಟಕ್ಕೆ ಮಾತ್ರ ಎಲ್ಲವೂ ಬಹುಮಟ್ಟಿಗೆ ಒಂದೇ. ಈ ಡಾಕ್ ಎಂಬುದು ಏನು, ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದುಕೊಂಡರೆ ಹಣವೂ ಉಳಿದೀತು, ಹಣಕ್ಕಿಂತ ಹೆಚ್ಚಿನ ಕೆಲವು ವಸ್ತುಗಳೂ ಉಳಿದಾವು.

ಮಾತಿಗೆ ಒಂದು ಉದಾಹರಣೆ ಇರಲಿ. ಆಪಲ್ ಕಂಪನಿಯ ಮ್ಯಾಕ್ ಮಿನಿ ಎಂಬ ಕಂಪ್ಯೂಟರು ಮೊದಲು ಬಂದದ್ದು ೨೦೦೫ರಲ್ಲಿ. ಆಗ ಅದು ಹದಿನಾರೂವರೆ ಸೆಂಟಿಮೀಟರ್ ಉದ್ದಗಲದ ಪೆಟ್ಟಿಗೆ. ೨೦೨೪ರ ಕೊನೆಯಲ್ಲಿ ಬಂದ 'ಎಂ-೪' ಮಾದರಿ ಉದ್ದಗಲದಲ್ಲಿ ೧೨.೭ ಸೆಂಟಿಮೀಟರು, ಎತ್ತರದಲ್ಲಿ ೫ ಸೆಂಟಿಮೀಟರು. ಅಡುಗೆಮನೆಯ ಮಸಾಲೆ ಡಬ್ಬಿಗಿಂತ ಚಿಕ್ಕದು. ಅದರ ಮುಂಭಾಗದಲ್ಲಿ ಯು.ಎಸ್.ಬಿ.-ಸಿ ಎಂಬ ಅಂಡಾಕಾರದ ಕಿರುಬಾಯಿಗಳು ಎರಡು, ಕಿವಿಗೆ ಹಾಕುವ ಹೆಡ್‌ಫೋನಿನ ರಂಧ್ರ ಒಂದು. ಹಿಂಭಾಗದಲ್ಲಿ ಅದೇ ಆಕಾರದ, ಆದರೆ ಥಂಡರ್‌ಬೋಲ್ಟ್ ಎಂಬ ಹೆಚ್ಚಿನ ಶಕ್ತಿಯ ಬಾಯಿಗಳು ಮೂರು, ಪರದೆಗಾಗಿ ಎಚ್.ಡಿ.ಎಂ.ಐ. ಒಂದು, ಅಂತರ್ಜಾಲದ ತಂತಿಗೆ ಈಥರ್‌ನೆಟ್ ಒಂದು. ಇಷ್ಟೇ. ನಮ್ಮ ಮನೆಗಳಲ್ಲಿರುವ ಪೆನ್ ಡ್ರೈವು, ಮೌಸು, ಹಳೆಯ ಹಾರ್ಡ್ ಡಿಸ್ಕುಗಳಿಗೆ ಬೇಕಾದ ಅಗಲವಾದ ಚೌಕ ಬಾಯಿ ಒಂದೂ ಇಲ್ಲ. ಕ್ಯಾಮೆರಾದ ಕಾರ್ಡು ತೂರಿಸುವ ಸಂದೂ ಇಲ್ಲ.

ಸಂಗ್ರಹದ ಕಥೆಯೂ ಹೀಗೆಯೇ. ಆ ಮಾದರಿ ಬಿಡುಗಡೆಯಾದಾಗ ನಮ್ಮ ದೇಶದಲ್ಲಿ ಅದರ ಆರಂಭದ ಬೆಲೆ ೫೯,೯೦೦ ರೂಪಾಯಿ. ಒಳಗಿನ ಸಂಗ್ರಹ ೨೫೬ ಜಿ.ಬಿ. ಅದೇ ೫೧೨ ಜಿ.ಬಿ. ಬೇಕೆಂದರೆ ೨೦,೦೦೦ ರೂಪಾಯಿ ಹೆಚ್ಚು ತೆರಬೇಕಾಗಿತ್ತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್.ಎಸ್.ಡಿ. ತಂದು ಒಳಗೆ ಸೇರಿಸೋಣವೆಂದರೆ ಅದು ಹೊಂದುವುದಿಲ್ಲ. ಬೇರೆ ಕಂಪನಿಗಳ ಕೆಲವು ಪುಟ್ಟ ಕಂಪ್ಯೂಟರುಗಳಲ್ಲಿ ನಾಲ್ಕು ತಿರುಪು ಬಿಚ್ಚಿ ಒಳಗೇ ಇನ್ನೊಂದು ಡಿಸ್ಕನ್ನು ಕೂರಿಸಬಹುದು. ಅಂಥದು ನಿಮ್ಮಲ್ಲಿದ್ದರೆ ಮೊದಲು ಆ ಅನುಕೂಲವನ್ನು ನೋಡಿಕೊಳ್ಳುವುದು ಮೇಲು.

೨೫೬ ಜಿ.ಬಿ. ಎಂದರೆ ಎಷ್ಟು? ಬಾನುಲಿ ಕೇಳುವವರಿಗೆ ತಿಳಿಯುವ ಲೆಕ್ಕದಲ್ಲೇ ಹೇಳೋಣ. ಸಿ.ಡಿ.ಯ ಗುಣಮಟ್ಟದಲ್ಲಿ, ಯಾವ ಸಂಕೋಚನವೂ ಇಲ್ಲದೆ ಧ್ವನಿಯನ್ನು ಬರೆದಿಟ್ಟರೆ ಸೆಕೆಂಡಿಗೆ ೧,೭೬,೪೦೦ ಬೈಟುಗಳು ಬೇಕು. ಅರ್ಧ ಗಂಟೆಯ ಒಂದು ಭಾಷಣ ಸುಮಾರು ೩೧೮ ಎಂ.ಬಿ. ಆಯಿತು. ಇಂಥ ಮುನ್ನೂರು ಭಾಷಣಗಳಿಗೆ ಸುಮಾರು ೯೫ ಜಿ.ಬಿ. ಧ್ವನಿಯೊಂದೇ ಆದರೆ ಹೇಗೋ ಹಿಡಿಸೀತು. ಆದರೆ ಕಂಪ್ಯೂಟರಿನ ಸ್ವಂತ ವ್ಯವಸ್ಥೆಗೆ ಒಂದು ಪಾಲು, ಮಕ್ಕಳ ಪಾಠಕ್ಕೆ ಒಂದು ಪಾಲು, ಫೋನಿನಿಂದ ಇಳಿಸಿದ ಚಿತ್ರ, ಚಲನಚಿತ್ರಗಳಿಗೆ ಹಲವು ಪಾಲು ಹೋಗುವುದರಿಂದ, ವರ್ಷ ತುಂಬುವುದರೊಳಗೆ 'ಜಾಗ ಸಾಲದು' ಎಂಬ ಸೂಚನೆ ಪರದೆಯ ಮೇಲೆ ಬಂದರೆ ಆಶ್ಚರ್ಯವಿಲ್ಲ.

ಇಲ್ಲಿಗೇ ಡಾಕ್ ಬರುವುದು. ಇಂಗ್ಲಿಷಿನಲ್ಲಿ ಆ ಮಾತು ಹಡಗನ್ನು ತಂದು ನಿಲ್ಲಿಸುವ ಕಟ್ಟೆಯನ್ನು ಹೇಳುತ್ತದೆ. ಹಡಗು ಕಟ್ಟೆಗೆ ತಾಗಿ ನಿಂತೊಡನೆ ಸಾಮಾನು ಇಳಿಸುವುದು, ಏರಿಸುವುದು, ನೀರು ತುಂಬುವುದು ಎಲ್ಲವೂ ಒಂದೇ ಸ್ಥಳದಲ್ಲಿ ನಡೆಯುತ್ತವೆಯಷ್ಟೆ. ಅದೇ ಹೋಲಿಕೆಯಿಂದ ಈ ಹೆಸರು. ಆದರೆ ಪೋರ್ಟ್ ಎಂಬ ಮಾತನ್ನು ಕೇಳಿ, ಅದೂ ಬಂದರೇ ಎಂದುಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನ ಪೋರ್ಟಿಗೆ ಮೂಲ ಬಾಗಿಲು ಎಂಬರ್ಥದ ಲ್ಯಾಟಿನ್ ಶಬ್ದ. ಆದುದರಿಂದ ಅದನ್ನು ನಾವು 'ದ್ವಾರ' ಎಂದರೆ ಅರ್ಥಕ್ಕೆ ಕೊರತೆಯಿಲ್ಲ. ಕಂಪ್ಯೂಟರಿನ ಒಂದು ದ್ವಾರಕ್ಕೆ ಡಾಕನ್ನು ಸೇರಿಸಿದರೆ, ಡಾಕಿನ ಮೈಮೇಲಿರುವ ಐದಾರು ದ್ವಾರಗಳು ನಮಗೆ ದೊರೆಯುತ್ತವೆ. ಕೆಲವದರಲ್ಲಿ ಕ್ಯಾಮೆರಾ ಕಾರ್ಡಿನ ಸಂದೂ, ಎಸ್.ಎಸ್.ಡಿ. ಕೂರಿಸುವ ಒಂದು ಗೂಡೂ ಇರುತ್ತವೆ. ಮ್ಯಾಕ್ ಮಿನಿಯಷ್ಟೇ ಉದ್ದಗಲವಿದ್ದು, ಮಣೆಯಂತೆ ಅದರ ಅಡಿಗೆ ಇಡತಕ್ಕ ಡಾಕುಗಳೂ ಬಂದಿವೆ.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗಬೇಕು. ಡಾಕು ಕೊಡುವುದು ಸ್ಥಳವನ್ನು. ವೇಗವನ್ನು ಅದು ಹೆಚ್ಚಿಸುವುದಿಲ್ಲ. ರಕ್ಷಣೆಯನ್ನಂತೂ ಕೊಡುವುದೇ ಇಲ್ಲ. ಈ ಮೂರನ್ನೂ ಒಂದೆಂದು ಭಾವಿಸುವುದರಿಂದಲೇ ಬಹುಪಾಲು ತೊಂದರೆಗಳು ಹುಟ್ಟುತ್ತವೆ. ಒಂದೊಂದಾಗಿ ನೋಡೋಣ.

ಮೊದಲು ವೇಗ. ನಿಮ್ಮ ಮನೆಯ ಮಾಳಿಗೆಯ ಮೇಲಿನ ತೊಟ್ಟಿಯಿಂದ ಒಂದೇ ಕೊಳವೆ ಇಳಿದು ಬರುತ್ತದೆ. ಅದಕ್ಕೆ ಆರು ನಲ್ಲಿಗಳನ್ನು ಹಾಕಿಸಿದಿರಿ ಎನ್ನೋಣ. ನಲ್ಲಿ ಆರಾದ ಮಾತ್ರಕ್ಕೆ ನೀರು ಆರುಪಾಲು ಆಗಲಿಲ್ಲ. ಒಬ್ಬರು ಕೈತೊಳೆದರೆ ಯಾರಿಗೂ ತಿಳಿಯದು. ಬಚ್ಚಲಲ್ಲಿಯೂ ಹಿತ್ತಲಲ್ಲಿಯೂ ಒಟ್ಟಿಗೆ ನಲ್ಲಿ ಬಿಟ್ಟರೆ ಎರಡರಲ್ಲಿಯೂ ಧಾರೆ ಸಣ್ಣದಾಗುತ್ತದೆ. ಡಾಕಿನ ಸ್ಥಿತಿಯೂ ಇದೇ. ಅದಕ್ಕೆ ಸಿಕ್ಕಿಸಿದ್ದೆಲ್ಲವೂ ಕಂಪ್ಯೂಟರನ್ನು ತಲಪುವುದು ಒಂದೇ ಕೇಬಲಿನ ಮೂಲಕ. ಕೀಬೋರ್ಡು, ಮೌಸುಗಳಿಗೆ ಬೇಕಾದದ್ದು ಹನಿಯಷ್ಟು, ಅವುಗಳಿಂದ ಬಾಧಕವಿಲ್ಲ. ಎರಡು ಡಿಸ್ಕುಗಳು ಒಮ್ಮೆಗೇ ಕೆಲಸಮಾಡಿದಾಗ ಮಾತ್ರ ಹಂಚಿಕೆಯ ಪ್ರಶ್ನೆ ಏಳುತ್ತದೆ.

ಈ ಕೊಳವೆಯ ಅಳತೆ ಕಾಲಕಾಲಕ್ಕೆ ಹಿರಿದಾಗುತ್ತ ಬಂದಿದೆ. ಯು.ಎಸ್.ಬಿ.ಯ ಮೊದಲ ಕಟ್ಟಳೆ ಹೊರಬಂದದ್ದು ೧೯೯೬ರಲ್ಲಿ. ಅದನ್ನು ರೂಪಿಸಿದ ಇಂಜಿನಿಯರುಗಳಲ್ಲಿ ಪ್ರಮುಖರಾದ ಅಜಯ್ ಭಟ್ ಅವರು ನಮ್ಮ ದೇಶದವರೇ. ವಡೋದರದ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಇಂಟೆಲ್ ಸಂಸ್ಥೆಯಲ್ಲಿ ಕೆಲಸಮಾಡಿದವರು. ಒಂದೇ ಬಗೆಯ ಬಾಯಿಗೆ ಎಲ್ಲ ಉಪಕರಣಗಳೂ ಹೊಂದಬೇಕು, ಮನೆಯವರು ಯಾರ ಸಹಾಯವೂ ಇಲ್ಲದೆ ಸಿಕ್ಕಿಸಿಕೊಳ್ಳುವಂತಿರಬೇಕು ಎಂಬುದು ಅದರ ಉದ್ದೇಶ. ಕವಲೊಡೆಯುತ್ತ ಹೋಗಿ ೧೨೭ ಉಪಕರಣಗಳವರೆಗೆ ಸೇರಿಸಲು ಆ ಕಟ್ಟಳೆಯಲ್ಲಿ ಅವಕಾಶವಿದೆ. ಡಾಕು ಸಾಧ್ಯವಾದದ್ದೇ ಈ ಕವಲುಗಳಿಂದ. ಆಗಿನ ವೇಗ ಸೆಕೆಂಡಿಗೆ ಹೆಚ್ಚೆಂದರೆ ೧೨ ಮೆಗಾಬಿಟ್. ೨೦೦೦ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದು ೪೮೦ ಮೆಗಾಬಿಟ್ ಆಯಿತು. ೨೦೦೮ರ ಮೂರನೆಯದರಲ್ಲಿ ೫ ಗಿಗಾಬಿಟ್. ೨೦೧೩ರಲ್ಲಿ ೧೦ ಗಿಗಾಬಿಟ್. ಮ್ಯಾಕ್ ಮಿನಿಯ ಹಿಂದಿರುವ ಥಂಡರ್‌ಬೋಲ್ಟ್ ದ್ವಾರಗಳದು ೪೦ ಗಿಗಾಬಿಟ್.

ಬರಿಯ ಅಂಕಿಗಳಿಂದ ತೃಪ್ತಿಯಾಗದು. ಮೇಲೆ ಹೇಳಿದ ಮುನ್ನೂರು ಭಾಷಣಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕೆನ್ನಿ. ಎರಡನೆಯ ಆವೃತ್ತಿಯ ದಾರಿಯಲ್ಲಿ, ಸೆಕೆಂಡಿಗೆ ಸುಮಾರು ೪೦ ಎಂ.ಬಿ.ಯಂತೆ, ನಲವತ್ತು ನಿಮಿಷ ಹಿಡಿಯುತ್ತದೆ. ೫ ಗಿಗಾಬಿಟ್ಟಿನ ದಾರಿಯಲ್ಲಿ ನಾಲ್ಕು ನಿಮಿಷ. ೧೦ ಗಿಗಾಬಿಟ್ಟಿನದರಲ್ಲಿ ಒಂದೂವರೆ ನಿಮಿಷ. ಇದೂ ಕೂಡ ಡಿಸ್ಕು ಅಷ್ಟು ವೇಗವಾಗಿ ಕೊಡಬಲ್ಲುದಾದರೆ ಮಾತ್ರ. ತಿರುಗುವ ತಟ್ಟೆಯಿರುವ ಹಳೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು ನೂರರಿಂದ ಇನ್ನೂರು ಎಂ.ಬಿ. ಕೊಡುತ್ತದೆ, ಅದಕ್ಕಾಗಿ ಥಂಡರ್‌ಬೋಲ್ಟ್ ಡಾಕನ್ನು ಕೊಳ್ಳುವುದು ಎತ್ತಿನ ಗಾಡಿಗಾಗಿ ಹೆದ್ದಾರಿ ಹಾಕಿಸಿದಂತೆ.

ಇದರ ತಿರುವುಮುರುವನ್ನೂ ಗಮನಿಸಬೇಕು. ಡಾಕಿನ ಗೂಡಿನಲ್ಲಿ ಕೂರಿಸುವ ಎಸ್.ಎಸ್.ಡಿ. ಒಂದು ಸಣ್ಣ ಪಟ್ಟಿ. ಅದರ ಮೇಲೆ '೨೨೮೦' ಎಂದು ಬರೆದಿದ್ದರೆ ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದ ಎಂದು ಅರ್ಥ. ನಿಮ್ಮ ಡಾಕಿನ ಗೂಡು ಅಷ್ಟು ಉದ್ದವಿದೆಯೇ ಎಂದು ನೋಡಿಕೊಳ್ಳಿ. ಎನ್.ವಿ.ಎಂ.ಇ. ಎಂಬ ಜಾತಿಯವು ಸೆಕೆಂಡಿಗೆ ೩,೫೦೦ ಎಂ.ಬಿ. ಓದಬಲ್ಲುವು, ಅದಕ್ಕಿಂತ ಚುರುಕಾದವೂ ಉಂಟು. ಆದರೆ ೧೦ ಗಿಗಾಬಿಟ್ಟಿನ ಡಾಕಿನಲ್ಲಿ ಅವುಗಳಿಂದ ದೊರೆಯುವುದು ಸುಮಾರು ೧,೦೦೦ ಎಂ.ಬಿ. ಮಾತ್ರ. ಅಂಥ ಡಾಕಿಗೆ ದುಬಾರಿಯ ಎಸ್.ಎಸ್.ಡಿ. ಹಾಕಿ ಪ್ರಯೋಜನವಿಲ್ಲ. ಮನೆಯ ಬಳಕೆಗೆ ಆ ಸಾವಿರವೇ ಧಾರಾಳವಾಯಿತು.

ಇನ್ನು ಕೇಬಲು. ಇಲ್ಲಿ ಮೋಸಹೋಗುವವರು ಬಹಳ. ಯು.ಎಸ್.ಬಿ.-ಸಿ ಎಂಬುದು ಬಾಯಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಫೋನಿನೊಡನೆ ಬಂದ ಚಾರ್ಜಿಂಗ್ ಕೇಬಲಿನ ತುದಿಯೂ ಡಾಕಿನ ಕೇಬಲಿನ ತುದಿಯೂ ಅವಳಿಜವಳಿಯಂತೆ ಕಾಣುತ್ತವೆ. ಆದರೆ ಮೊದಲನೆಯದು ಸಾಮಾನ್ಯವಾಗಿ ೪೮೦ ಮೆಗಾಬಿಟ್ಟಿಗಿಂತ ಹೆಚ್ಚು ಸಾಗಿಸಲಾರದು. ಒಳ್ಳೆಯ ಡಾಕನ್ನು ಕೊಂಡು, ಕೈಗೆ ಸಿಕ್ಕ ಕೇಬಲಿನಿಂದ ಜೋಡಿಸಿ, 'ಡಾಕು ನಿಧಾನ' ಎಂದು ಬೈಯುವುದು ನ್ಯಾಯವಲ್ಲ. ಡಾಕಿನೊಡನೆ ಬಂದ ಕೇಬಲನ್ನೇ ಬಳಸಿ. ಅದಕ್ಕೆ ಒಂದು ಬಣ್ಣದ ದಾರ ಕಟ್ಟಿಟ್ಟರೆ ಮನೆಯ ಮಕ್ಕಳು ಫೋನಿಗೆಂದು ಎತ್ತಿಕೊಂಡು ಹೋಗುವುದೂ ತಪ್ಪುತ್ತದೆ.

ವಿದ್ಯುತ್ತಿನ ವಿಚಾರವೂ ಇದೇ ಬಗೆಯದು. ಅಗ್ಗದ ಡಾಕಿಗೆ ಪ್ರತ್ಯೇಕ ಪ್ಲಗ್ಗು ಇರುವುದಿಲ್ಲ; ಅದು ಕಂಪ್ಯೂಟರಿನಿಂದಲೇ ವಿದ್ಯುತ್ತನ್ನು ಪಡೆದು ತನ್ನ ಬಳಗಕ್ಕೆಲ್ಲ ಹಂಚುತ್ತದೆ. ಒಂದು ಯು.ಎಸ್.ಬಿ.-ಸಿ ದ್ವಾರದಿಂದ ಹೀಗೆ ದೊರೆಯುವುದು ಸಾಮಾನ್ಯವಾಗಿ ಹೆಚ್ಚೆಂದರೆ ೧೫ ವಾಟ್. ಒಂದು ಎಸ್.ಎಸ್.ಡಿ., ಮೌಸು, ಪೆನ್ ಡ್ರೈವುಗಳಿಗೆ ಇದು ಸಾಕು. ತಿರುಗುವ ಡಿಸ್ಕುಗಳು ಎರಡು ಮೂರು ಸೇರಿದರೆ, ಅವು ತಿರುಗಲು ತೊಡಗುವ ಗಳಿಗೆಯಲ್ಲಿ ವಿದ್ಯುತ್ತು ಸಾಲದೆ ಒಂದು ಡಿಸ್ಕು ತಟ್ಟನೆ ಮಾಯವಾಗುವುದುಂಟು. ಅಂಥವರು ಸ್ವಂತ ಅಡಾಪ್ಟರ್ ಇರುವ ಡಾಕನ್ನೇ ಕೊಳ್ಳಬೇಕು. ಆದರೆ ಆಗ ಇನ್ನೊಂದು ಎಚ್ಚರ ಬೇಕು: ಕಂಪ್ಯೂಟರು ಯು.ಪಿ.ಎಸ್.ನಲ್ಲಿದ್ದು ಡಾಕು ಗೋಡೆಯ ಪ್ಲಗ್ಗಿನಲ್ಲಿದ್ದರೆ, ಕರೆಂಟು ಹೋದಾಗ ಕಂಪ್ಯೂಟರು ಬದುಕಿರುತ್ತದೆ, ಡಿಸ್ಕು ಮಾತ್ರ ಬರೆಯುತ್ತಿದ್ದ ಕಡತವನ್ನು ಅರ್ಧಕ್ಕೆ ಬಿಟ್ಟು ಆರುತ್ತದೆ. ಎರಡನ್ನೂ ಒಂದೇ ಯು.ಪಿ.ಎಸ್.ಗೆ ಸೇರಿಸುವುದು ಕ್ಷೇಮ.

ಬಾನುಲಿಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಯು.ಎಸ್.ಬಿ. ಮೂರರ ವೇಗದಲ್ಲಿ ಸಂಕೇತಗಳು ಓಡುವಾಗ ಕೇಬಲು ಮತ್ತು ಪ್ಲಗ್ಗುಗಳಿಂದ ಅಲ್ಪಸ್ವಲ್ಪ ರೇಡಿಯೋ ಗದ್ದಲ ಹೊರಗೆ ಸೂಸುತ್ತದೆ. ವೈ-ಫೈ ಮತ್ತು ತಂತಿಯಿಲ್ಲದ ಮೌಸುಗಳು ಬಳಸುವ ೨.೪ ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಈ ಗದ್ದಲ ಬೀಳುತ್ತದೆಂಬುದನ್ನು ಇಂಟೆಲ್ ಸಂಸ್ಥೆಯೇ ೨೦೧೨ರಲ್ಲಿ ಅಳೆದು ಪ್ರಕಟಿಸಿತು. ಡಿಸ್ಕಿನಲ್ಲಿ ಕೆಲಸ ನಡೆಯುತ್ತಿರುವಾಗ ಮೌಸು ತಡವರಿಸಿದರೆ ಮೌಸನ್ನು ದೂರಬೇಡಿ. ಅದರ ಗುಂಡಿಯಂಥ ಗ್ರಾಹಕವನ್ನು ಡಿಸ್ಕಿನ ಪಕ್ಕದ ದ್ವಾರದಿಂದ ತೆಗೆದು, ಒಂದು ಮಾರು ಉದ್ದದ ತಂತಿಯ ಮೂಲಕ ದೂರ ಇಟ್ಟರೆ ಸರಿಹೋಗುತ್ತದೆ. ಡಾಕಿನ ಅಡಾಪ್ಟರೂ ಮಧ್ಯಮ ತರಂಗದ ರೇಡಿಯೋದಲ್ಲಿ ಗೊರಗೊರ ಶಬ್ದವನ್ನು ಎಬ್ಬಿಸಬಹುದು. ರೇಡಿಯೋವನ್ನೂ ಅದನ್ನೂ ಒಂದೇ ಮೇಜಿನ ಮೇಲೆ ಇಡದಿದ್ದರೆ ಆಯಿತು.

ಅಡಿಗೆ ಇಡುವ ಡಾಕುಗಳ ವಿಷಯದಲ್ಲಿ ಎರಡನ್ನು ನೋಡಬೇಕು. ಹೊಸ ಮ್ಯಾಕ್ ಮಿನಿ ಗಾಳಿಯನ್ನು ಎಳೆದುಕೊಳ್ಳುವುದೂ ಬಿಸಿಗಾಳಿಯನ್ನು ಬಿಡುವುದೂ ತಳದಿಂದಲೇ. ಅದನ್ನು ಚಾಲೂ ಮಾಡುವ ಗುಂಡಿ ಇರುವುದೂ ತಳದ ಒಂದು ಮೂಲೆಯಲ್ಲಿ. ಡಾಕಿನಲ್ಲಿ ಗಾಳಿಗೆ ದಾರಿ ಬಿಟ್ಟಿರಬೇಕು; ಗುಂಡಿಗೆ ಬೆರಳು ಹೋಗುವಂತಿರಬೇಕು. ಒಳಗಿನ ಎಸ್.ಎಸ್.ಡಿ.ಯೂ ಬಿಸಿಯಾಗುವ ವಸ್ತುವೇ. ಬಿಸಿ ಮಿತಿಮೀರಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಡಿಸ್ಕನ್ನು ಕೂರಿಸಿದ ಮೇಲೆ ಅದನ್ನು ಒಂದು ಕ್ರಮದಲ್ಲಿ ಸಿದ್ಧಪಡಿಸಬೇಕಾಗುತ್ತದೆ. ಇದಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ಡಿಸ್ಕು ಮ್ಯಾಕಿಗೇ ಮೀಸಲಾದರೆ ಎ.ಪಿ.ಎಫ್.ಎಸ್. ಎಂಬ ಕ್ರಮ ಒಳ್ಳೆಯದು. ವಿಂಡೋಸ್ ಕಂಪ್ಯೂಟರಿಗೂ ಒಯ್ಯಬೇಕಾದರೆ ಎಕ್ಸ್‌ಫ್ಯಾಟ್. ವಿಂಡೋಸಿನ ಎನ್.ಟಿ.ಎಫ್.ಎಸ್. ಕ್ರಮದ ಡಿಸ್ಕನ್ನು ಮ್ಯಾಕು ಓದುತ್ತದೆ. ಅದರ ಮೇಲೆ ಬರೆಯಲು ಪ್ರತ್ಯೇಕ ತಂತ್ರಾಂಶ ಬೇಕು. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು. ಯಾವ ಕ್ರಮದ ಡಿಸ್ಕೇ ಆಗಲಿ, ಕೀಳುವ ಮೊದಲು ಪರದೆಯಲ್ಲಿ 'ಎಜೆಕ್ಟ್' ಮಾಡಿ, ಅದರ ಚಿತ್ರ ಮಾಯವಾದ ಮೇಲೆಯೇ ಕೀಳಬೇಕು. ಬರೆದಾಯಿತೆಂದು ನಮಗೆ ಕಂಡರೂ ಕಂಪ್ಯೂಟರು ಕೊನೆಯ ಸಾಲುಗಳನ್ನು ಕೈಯಲ್ಲಿ ಹಿಡಿದುಕೊಂಡಿರಬಹುದು.

ಕೊನೆಗೆ ರಕ್ಷಣೆ. ಇದೇ ಎಲ್ಲಕ್ಕಿಂತ ಮುಖ್ಯ. ನನ್ನ ಪರಿಚಯದ ಒಂದು ಮನೆಯಲ್ಲಿ ಅಜ್ಜನವರ ಗಮಕವಾಚನದ ಕ್ಯಾಸೆಟ್ಟುಗಳಿದ್ದವು. ಮೊಮ್ಮಕ್ಕಳು ಶ್ರಮವಹಿಸಿ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದರು. ಜಾಗ ಸಾಲದೆ ಬಂದಾಗ ಡಾಕನ್ನು ತಂದು, ಧ್ವನಿಗಳನ್ನೆಲ್ಲ ಅದರ ಡಿಸ್ಕಿಗೆ ಸಾಗಿಸಿ, ಕಂಪ್ಯೂಟರಿನಿಂದ ಅಳಿಸಿದರು. ಡಬ್ಬಿಯಲ್ಲಿ ಭದ್ರವಾಗಿದೆ ಎಂಬ ನಂಬಿಕೆಯಿಂದ ಹಳೆಯ ಕ್ಯಾಸೆಟ್ಟುಗಳನ್ನೂ ಎಸೆದರು. ಕೆಲವು ತಿಂಗಳ ಮೇಲೆ ಒಂದು ಸಂಜೆ ಕರೆಂಟು ಹೋಗಿ ಬಂದ ಬಳಿಕ ಆ ಡಿಸ್ಕು ತೆರೆಯಲಿಲ್ಲ. ಬಲ್ಲವರ ಬಳಿಗೆ ಒಯ್ದು, ಡಿಸ್ಕಿನ ಬೆಲೆಗಿಂತ ಹೆಚ್ಚು ಹಣ ತೆತ್ತು, ಸ್ವಲ್ಪ ಭಾಗವನ್ನು ಉಳಿಸಿಕೊಂಡರು. ಉಳಿದದ್ದು ಹೋಯಿತು. ಅಜ್ಜನವರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು, ಮತ್ತೊಮ್ಮೆ ಓದಿಸಿಕೊಳ್ಳುವಂತಿರಲಿಲ್ಲ.

ಇಲ್ಲಿ ಆದದ್ದೇನು? ಅವರಲ್ಲಿ ಡಿಸ್ಕುಗಳು ಎರಡಿದ್ದವು. ಪ್ರತಿ ಮಾತ್ರ ಒಂದೇ ಇತ್ತು. ಜಾಗವನ್ನು ಹೆಚ್ಚಿಸಿಕೊಳ್ಳುವುದು ಬೇರೆ, ಪ್ರತಿಯನ್ನು ಹೆಚ್ಚಿಸಿಕೊಳ್ಳುವುದು ಬೇರೆ. ಹಿಂದೆ ಓಲೆಗರಿಯ ಗ್ರಂಥಗಳು ನಮ್ಮವರೆಗೆ ಉಳಿದು ಬಂದದ್ದು ಓಲೆ ಗಟ್ಟಿಯಾಗಿತ್ತೆಂದಲ್ಲ. ಒಂದೂರಿನಲ್ಲಿ ಗೆದ್ದಲು ತಿಂದ ಗ್ರಂಥದ ಇನ್ನೊಂದು ಪ್ರತಿಯನ್ನು ಮತ್ತೊಂದೂರಿನಲ್ಲಿ ಯಾರೋ ಬರೆದಿಟ್ಟುಕೊಂಡಿದ್ದರಿಂದ. ಡಿಸ್ಕಿಗೂ ಅದೇ ನ್ಯಾಯ.

ಆದುದರಿಂದ ಹೀಗೆ ಏರ್ಪಡಿಸಿಕೊಳ್ಳಿ. ದಿನನಿತ್ಯದ ಕೆಲಸ ಕಂಪ್ಯೂಟರಿನೊಳಗೆ ಇರಲಿ. ದೊಡ್ಡದಾದ ಫೋಟೋ, ಧ್ವನಿ, ಚಲನಚಿತ್ರಗಳು ಡಾಕಿನ ಎಸ್.ಎಸ್.ಡಿ.ಯಲ್ಲಿರಲಿ. ಎರಡರ ಪ್ರತಿಯೂ ಮೂರನೆಯದಾದ ಒಂದು ಸಾಧಾರಣ ಹಾರ್ಡ್ ಡಿಸ್ಕಿಗೆ ಹೋಗಲಿ. ಮ್ಯಾಕಿನಲ್ಲಿ ೨೦೦೭ರಿಂದ ಇರುವ 'ಟೈಮ್ ಮಷೀನ್' ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಆದರೆ ಹೊರಗಿನ ಡಿಸ್ಕನ್ನು ಅದು ಬಿಟ್ಟುಬಿಡುವಂತೆ ಗೊತ್ತುಮಾಡಿದೆಯೇ ಎಂಬುದನ್ನು ಅದರ ಪಟ್ಟಿಯಲ್ಲಿ ನೋಡಿಕೊಳ್ಳಿ. ಈ ಮೂರನೆಯ ಡಿಸ್ಕಿಗೆ ವೇಗ ಬೇಕಾಗಿಲ್ಲ. ಬೇಕಾದದ್ದು ಬೇರೆ ಜಾಗ. ಪ್ರತಿ ತೆಗೆದಾದ ಮೇಲೆ ಅದನ್ನು ಡಾಕಿನಿಂದ ಬಿಡಿಸಿ ಬೀರುವಿನಲ್ಲಿಡಿ. ಸಿಡಿಲು ಬಡಿದಾಗ ಒಂದೇ ಕಟ್ಟೆಗೆ ಕಟ್ಟಿದ ಹಡಗುಗಳೆಲ್ಲ ಒಟ್ಟಿಗೆ ಹೋಗಬಾರದು. ತೀರ ಅಮೂಲ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇದ್ದರೆ ಇನ್ನೂ ನೆಮ್ಮದಿ. ಎಸ್.ಎಸ್.ಡಿ.ಯನ್ನು ಮಾತ್ರ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಡಿ. ಅದರಲ್ಲಿ ಅಕ್ಷರಗಳಿರುವುದು ವಿದ್ಯುದಂಶದ ರೂಪದಲ್ಲಿ, ಕಾಲ ಕಳೆದಂತೆ ಅದು ಸೋರಿಹೋಗಬಹುದು.

ಇಷ್ಟು ತಿಳಿದ ಮೇಲೆ ಅಂಗಡಿಯಲ್ಲಿ ಕೇಳಬೇಕಾದದ್ದು ಐದೇ ಮಾತು. ಡಾಕಿಗೂ ಕಂಪ್ಯೂಟರಿಗೂ ನಡುವಿನ ವೇಗ ಎಷ್ಟು ಗಿಗಾಬಿಟ್? ಕೇಬಲು ಜೊತೆಯಲ್ಲೇ ಬರುತ್ತದೆಯೇ? ಸ್ವಂತ ಅಡಾಪ್ಟರು ಉಂಟೇ? ಡಿಸ್ಕಿನ ಗೂಡು ಎಷ್ಟು ಉದ್ದದ್ದು, ಯಾವ ಜಾತಿಯದನ್ನು ಹಿಡಿಯುತ್ತದೆ? ಬಿಸಿ ಹೊರಹೋಗಲು ದಾರಿ ಎಲ್ಲಿದೆ? ನಿಮ್ಮ ಅಗತ್ಯ ಪೆನ್ ಡ್ರೈವು, ಪ್ರಿಂಟರುಗಳಷ್ಟೇ ಆಗಿದ್ದರೆ ಅಡಾಪ್ಟರಿಲ್ಲದ ಸಣ್ಣ ಡಾಕು ಸಾಕು. ಉಳಿದ ಹಣದಲ್ಲಿ ಆ ಮೂರನೆಯ ಡಿಸ್ಕನ್ನು ಕೊಳ್ಳಿ. ತಿಂಗಳಿಗೊಂದು ಭಾನುವಾರ, ಬೆಳಗಿನ ಕಾರ್ಯಕ್ರಮವನ್ನು ಕೇಳುತ್ತ ಪ್ರತಿ ತೆಗೆದುಕೊಂಡು, ಒಂದೆರಡು ಕಡತಗಳನ್ನು ತೆರೆದು ನೋಡಿ, ಡಿಸ್ಕನ್ನು ಬೀರುವಿಗೆ ಸೇರಿಸಿದರೆ ಆ ತಿಂಗಳ ಕೆಲಸ ಮುಗಿಯಿತು.